ನನ್ನ ಫೋನಿನಲ್ಲಿ ನಮ್ಮ ಅಂಗಡಿ ಮೊದಲು, ಗಿರಾಕಿ ಫೋನಿನಲ್ಲಿ ಹೆಸರೇ ಇಲ್ಲ. ಯಾಕೆ ಹೀಗೆ?

ಕುಚ್ಚು_ಸರಸ್ವತಿಪುರಂ
ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿ ನಮ್ಮದೊಂದು ಸಣ್ಣ ಅಂಗಡಿ ಇದೆ. ಬ್ಲೌಸ್ ಹೊಲಿಗೆ, ಫಾಲ್ಸ್, ಪಿಕೋ, ಸೀರೆ ಕುಚ್ಚು. ನಾನು ಮತ್ತು ಇಬ್ಬರು ಹುಡುಗಿಯರು ಕೆಲಸ ಮಾಡುತ್ತೇವೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹಾಕಿದ್ದೇವೆ, ಫೋಟೋ ಇದೆ, ರಿವ್ಯೂ ಕೂಡ ಚೆನ್ನಾಗಿವೆ. ನನ್ನ ಫೋನಿನಲ್ಲಿ ‘ಸೀರೆ ಕುಚ್ಚು ಮೈಸೂರು’ ಅಂತ ಹುಡುಕಿದರೆ ನಮ್ಮ ಅಂಗಡಿಯೇ ಮೊದಲು ಬರುತ್ತದೆ. ಅದೇ ಮಾತನ್ನು ವಿಜಯನಗರದಲ್ಲಿರುವ ನಮ್ಮ ನಾದಿನಿ ಹುಡುಕಿದರೆ ಎಷ್ಟು ಕೆಳಗೆ ಹೋದರೂ ನಮ್ಮ ಹೆಸರಿಲ್ಲ. ಬೋಗಾದಿ ಕಡೆಯ ಒಬ್ಬ ಗಿರಾಕಿಯೂ ಇದನ್ನೇ ಹೇಳಿದರು.

ಈಗ ಒಂದು ಏಜೆನ್ಸಿಯವರು ಬೆನ್ನು ಬಿದ್ದಿದ್ದಾರೆ. ತಿಂಗಳಿಗೆ 8,000 ಕೊಟ್ಟರೆ ಇಡೀ ಮೈಸೂರಿಗೇ ನಂಬರ್ ಒನ್ ಮಾಡಿಕೊಡುತ್ತೇವೆ, ಗ್ಯಾರಂಟಿ ಅನ್ನುತ್ತಾರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ನಮಗೆ ಕೆಲಸ ಜಾಸ್ತಿ ಬರುವ ಸಮಯ, ಅದಕ್ಕೇ ಆಸೆ ಆಗುತ್ತಿದೆ. ಕೊಡಬಹುದಾ? ಒಂದೇ ಹುಡುಕಾಟಕ್ಕೆ ಎರಡು ಫೋನಿನಲ್ಲಿ ಎರಡು ಉತ್ತರ ಬರುವುದು ಯಾಕೆ ಅಂತ ಗೊತ್ತಿರುವವರು ಹೇಳಿ.

ನೂರಡಿ_ರಸ್ತೆ_ಮಂಡ್ಯ
ಕೊಡಬೇಡಿ ಅಕ್ಕ. ಗ್ಯಾರಂಟಿ ಅಂದ ಕೂಡಲೇ ಫೋನ್ ಇಟ್ಟುಬಿಡಿ.

ವೆಬ್_ಕೆಲಸದವ
ಮೇಡಂ, ನಿಮ್ಮ ಫೋನಿಗೆ ನೀವು ಯಾರು ಅಂತ ಗೊತ್ತಿದೆ. ದಿನಾ ನಿಮ್ಮ ಅಂಗಡಿಯ ಹೆಸರನ್ನೇ ಒತ್ತುತ್ತೀರಿ, ರಿವ್ಯೂ ಓದುತ್ತೀರಿ, ಫೋಟೋ ಹಾಕುತ್ತೀರಿ. ಹಾಗಾಗಿ ನಿಮಗೆ ಅದೇ ಮೇಲೆ ಬರುತ್ತದೆ. ಇದು ಇವತ್ತಿನದಲ್ಲ. ಗೂಗಲ್ 2005ರಲ್ಲೇ ಲಾಗಿನ್ ಆದವರಿಗೆ ಅವರ ಹಳೆಯ ಹುಡುಕಾಟ ನೋಡಿ ಫಲಿತಾಂಶ ಬದಲಿಸಲು ಶುರು ಮಾಡಿತ್ತು. 2009ರ ಡಿಸೆಂಬರ್‌ನಲ್ಲಿ ಲಾಗಿನ್ ಆಗದವರಿಗೂ ಅದನ್ನು ತಂದರು, ಬ್ರೌಸರ್‌ನ ಕುಕಿಯಲ್ಲಿ (ಸೈಟು ಬ್ರೌಸರ್‌ನಲ್ಲಿ ಇಟ್ಟುಹೋಗುವ ಸಣ್ಣ ಗುರುತು) 180 ದಿನದ ಚಟುವಟಿಕೆ ನೋಡಿ. ಹಾಗಾಗಿ ‘ನಂಬರ್ ಒನ್’ ಅನ್ನುವ ಮಾತಿಗೆ ಅವತ್ತೇ ಅರ್ಥ ಹೋಯಿತು. ಯಾರ ಫೋನಿನಲ್ಲಿ ನಂಬರ್ ಒನ್ ಅಂತ ಆ ಏಜೆನ್ಸಿಯವರನ್ನೇ ಕೇಳಿ.

ಜಿಪಿಎಸ್_ಗುರು
ಅರ್ಧ ಸರಿ, ಅರ್ಧ ತಪ್ಪು. ಹಳೆಯ ಹುಡುಕಾಟದ ಪಾತ್ರವನ್ನು ಜನ ಜಾಸ್ತಿ ಹೇಳುತ್ತಾರೆ. 2018ರ ಡಿಸೆಂಬರ್‌ನಲ್ಲಿ ಗೂಗಲ್‌ನವರೇ ಬಹಿರಂಗವಾಗಿ ಹೇಳಿದ್ದಾರೆ, ಫಲಿತಾಂಶ ಬೇರೆ ಬೇರೆ ಕಾಣಲು ಸಾಮಾನ್ಯವಾಗಿ ಕಾರಣ ವೈಯಕ್ತಿಕ ಇತಿಹಾಸ ಅಲ್ಲ, ಹುಡುಕುವವರು ಇರುವ ಜಾಗ, ಭಾಷೆ, ಇಂಥವು ಅಂತ.

ಅದರಲ್ಲೂ ಅಂಗಡಿ ಹುಡುಕುವ ವಿಷಯದಲ್ಲಿ ಜಾಗವೇ ದೊಡ್ಡದು. ಅವರ ಸಹಾಯ ಪುಟದಲ್ಲಿ ಮೂರು ವಿಷಯ ಬರೆದಿದ್ದಾರೆ. ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದುತ್ತದೆ, ಹುಡುಕುವವರಿಂದ ಎಷ್ಟು ದೂರ, ಆ ಅಂಗಡಿ ಎಷ್ಟು ಹೆಸರುವಾಸಿ. ಅಕ್ಕ ಅಂಗಡಿಯೊಳಗೆ ಕೂತೇ ಹುಡುಕುತ್ತಿದ್ದಾರೆ. ಅಲ್ಲಿ ದೂರ ಸೊನ್ನೆ. ಮೊದಲು ಬರದೆ ಇನ್ನೇನು? ವಿಜಯನಗರದಲ್ಲಿ ಕೂತವರಿಗೆ ಮಧ್ಯೆ ಎಷ್ಟೊಂದು ಟೈಲರ್ ಅಂಗಡಿಗಳು ಸಿಗುತ್ತವೆ.

ವೆಬ್_ಕೆಲಸದವ
ಮ್ಯಾಪ್ ವಿಷಯಕ್ಕೆ ಒಪ್ಪಿದೆ. ಆದರೆ ಇತಿಹಾಸ ಲೆಕ್ಕಕ್ಕೇ ಇಲ್ಲ ಅನ್ನುವುದನ್ನು ಒಪ್ಪುವುದಿಲ್ಲ. ಈಗ ಗೂಗಲ್ ಪುಟದ ತಳಕ್ಕೆ ಹೋಗಿ ನೋಡಿ. ಕೆಲವು ಹುಡುಕಾಟಕ್ಕೆ ‘ಈ ಫಲಿತಾಂಶ ನಿಮಗೆ ತಕ್ಕ ಹಾಗೆ ಇದೆ’ ಅಂತಲೂ, ಅದಿಲ್ಲದೆ ನೋಡಲು ಒಂದು ಕೊಂಡಿಯೂ ಇರುತ್ತದೆ. ಸುಮ್ನೆ ಇಟ್ಟಿರುತ್ತಾರಾ? ಇನ್‌ಕಾಗ್ನಿಟೋ, ಅಂದರೆ ಇತಿಹಾಸ ಉಳಿಸದ ಕಿಟಕಿ, ತೆರೆದರೂ ಜಾಗ ಮಾತ್ರ ಮರೆಯಾಗುವುದಿಲ್ಲ, ಅದು ನಿಮ್ಮ ಮಾತಿಗೆ ಪುಷ್ಟಿ.

ಜಿಪಿಎಸ್_ಗುರು
ಅದೇ ತಳದಲ್ಲಿ ಇನ್ನೊಂದು ಸಾಲು ಇರುತ್ತದೆ, ಎಲ್ಲರೂ ಒಮ್ಮೆ ಓದಿ. ಯಾವ ಊರು ಅಂತ ಗೂಗಲ್ ಅಂದುಕೊಂಡಿದೆ, ಅದನ್ನು ಹೇಗೆ ತಿಳಿದುಕೊಂಡಿತು ಅಂತ. ಫೋನಿನ ಲೊಕೇಶನ್‌ನಿಂದ ಬಂತಾ, ಹಳೆಯ ಚಟುವಟಿಕೆಯಿಂದ ಬಂತಾ, ಇಂಟರ್‌ನೆಟ್ ವಿಳಾಸದಿಂದ ಬಂತಾ. ನಮ್ಮ ಆಫೀಸಿನ ಬ್ರಾಡ್‌ಬ್ಯಾಂಡ್‌ನಲ್ಲಿ ಕೂತರೆ ಅದು ಬೆಂಗಳೂರು ಅಂತ ತೋರಿಸುತ್ತದೆ. ನಾವು ಕೂತಿರುವುದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ! ಅಲ್ಲಿಂದ ಹುಡುಕಿ ‘ನಮ್ಮ ಅಂಗಡಿ ಬರುತ್ತಿಲ್ಲ’ ಅಂದರೆ ಏನರ್ಥ.

ಗಂಧದಕಡ್ಡಿ_ಮಾರ್ಕೆಟ್
ದೇವರಾಜ ಮಾರ್ಕೆಟ್ ಕಡೆ ನಮ್ಮ ಗೋಳೇ ಬೇರೆ. ನಮ್ಮದು ಅಗರಬತ್ತಿ, ಧೂಪ, ಸುಗಂಧದ ಎಣ್ಣೆ. ಇದೇ ಮಾಲು ಮಾರುವವರು ಅಕ್ಕಪಕ್ಕ ಸಾಲಾಗಿ ಇದ್ದೇವೆ. ಮ್ಯಾಪ್‌ನಲ್ಲಿ ಒಂದೇ ಜಾಗದಲ್ಲಿ ಒಂದೇ ತರಹದ ಅಂಗಡಿಗಳಿದ್ದರೆ ಮೇಲಿನಿಂದ ನೋಡುವವರಿಗೆ ಒಂದೋ ಎರಡೋ ಹೆಸರು ಮಾತ್ರ ಕಾಣುತ್ತದೆ. ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದರೆ ಉಳಿದವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಯಾವ ಪ್ರವಾಸಿಗೆ ಅಷ್ಟು ತಾಳ್ಮೆ ಇರುತ್ತದೆ? ಯಾರಿಗೆ ಮೊದಲೇ ರಿವ್ಯೂ ಜಾಸ್ತಿ ಇದೆಯೋ ಅವರೇ ಕಾಣುತ್ತಾರೆ, ಕಂಡವರಿಗೇ ಮತ್ತೆ ಗಿರಾಕಿ, ಅವರಿಗೇ ಮತ್ತೆ ರಿವ್ಯೂ.

ನಾವು ಮಾಡಿದ್ದು ಇಷ್ಟೇ. ಪಿನ್ ಮಾರ್ಕೆಟ್ಟಿನ ಮಧ್ಯಕ್ಕೆ ಬಿದ್ದಿತ್ತು, ಅದನ್ನು ಎಳೆದು ನಮ್ಮ ಬಾಗಿಲಿಗೆ ತಂದೆವು. ‘ಹೂವಿನ ಸಾಲು ದಾಟಿ ಎಡಗಡೆ’ ಅಂತ ವಿವರಣೆಯಲ್ಲಿ ಬರೆದೆವು. ಅಂಗಡಿಯ ಎದುರು ನಿಂತರೆ ಏನು ಕಾಣುತ್ತದೋ ಅದೇ ಫೋಟೋ ಮೊದಲಿಗೆ ಹಾಕಿದೆವು: ಹಳದಿ ಬೋರ್ಡ್, ಮೆಟ್ಟಿಲ ಮೇಲೆ ಜೋಡಿಸಿದ ಕುಂಕುಮದ ತಟ್ಟೆಗಳು, ಹಿಂದೆ ಗಂಧದಕಡ್ಡಿ ಕಟ್ಟುಗಳು. ದಸರಾ ಸಮಯದಲ್ಲಿ ಫೋನ್ ಹಿಡಿದು ಆ ಫೋಟೋಗೂ ನಮ್ಮ ಅಂಗಡಿಗೂ ತಾಳೆ ನೋಡುತ್ತಾ ಜನ ನಿಂತಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ಅಗ್ರಹಾರದ_ಹುಡುಗ
ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಲು ಜಾಗ ಯಾವ ಮ್ಯಾಪ್‌ನಲ್ಲಿ ತೋರಿಸುತ್ತದೆ ಅಂತಲೂ ಹೇಳಿ ಸರ್, ಪುಣ್ಯ ಬರುತ್ತದೆ.

ಗಂಧದಕಡ್ಡಿ_ಮಾರ್ಕೆಟ್
ಶಿವರಾಂಪೇಟೆ ಕಡೆ ನಿಲ್ಲಿಸಿ ನಡೆದುಬನ್ನಿ, ಅದೇ ಒಳ್ಳೆಯದು.

ಗೋಕುಲಂ_ಹೋಂಸ್ಟೇ
ದೂರದ ಮಾತು ಎಲ್ಲರಿಗೂ ಹೊಂದುವುದಿಲ್ಲ ಅಂತ ನನ್ನ ಅನುಭವ. ನಮ್ಮಲ್ಲಿ ಬರುವವರು ಯೋಗ ಕಲಿಯಲು ಹೊರದೇಶದಿಂದ ಬರುವವರು. ಅವರು ಅವರ ಊರಲ್ಲಿ ಕೂತೇ ‘ಗೋಕುಲಂನಲ್ಲಿ ರೂಮ್’ ಅಂತ ಹುಡುಕುತ್ತಾರೆ. ಅವರಿಗೆ ಇಡೀ ಮೈಸೂರೇ ದೂರ. ಆಗ ನಡೆಯುವುದು ಹೆಸರು, ರಿವ್ಯೂ, ಬೇರೆ ಸೈಟುಗಳಲ್ಲಿ ನಮ್ಮ ಬಗ್ಗೆ ಏನು ಬರೆದಿದ್ದಾರೆ ಅನ್ನುವುದು. ಒಬ್ಬರು ತಮ್ಮ ಬ್ಲಾಗಿನಲ್ಲಿ ನಮ್ಮ ಮನೆಯ ಬೆಳಗಿನ ಇಡ್ಲಿ, ಮಹಡಿಯಲ್ಲಿ ಚಾಪೆ ಹಾಸುವ ಜಾಗ, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಲ್ಲವನ್ನೂ ಬರೆದರು. ‘ಅದನ್ನು ಓದಿ ಬಂದೆವು’ ಅನ್ನುವವರು ಈಗಲೂ ಇದ್ದಾರೆ.

ಹಾಗಾಗಿ ಅಕ್ಕ, ನಿಮ್ಮ ಗಿರಾಕಿ ಪಕ್ಕದ ಬೀದಿಯವರಾ, ದೂರದವರಾ ಅಂತ ಮೊದಲು ನೋಡಿಕೊಳ್ಳಿ. ಎರಡಕ್ಕೂ ದಾರಿ ಬೇರೆ.

ಮದ್ದೂರಿನವಳು
ನಮ್ಮ ಊರಿನ ಕಷ್ಟ ಕೇಳಿ. ಮೊದಲು ಬೆಂಗಳೂರು ಮೈಸೂರು ಓಡಾಡುವವರೆಲ್ಲ ಊರೊಳಗೇ ಹಾಯ್ದು ಹೋಗುತ್ತಿದ್ದರು. ಬೋರ್ಡ್ ಕಂಡರೆ ನಿಲ್ಲಿಸುತ್ತಿದ್ದರು, ವಡೆ, ಕಾಫಿ, ಪಾರ್ಸಲ್. 2023ರ ಮಾರ್ಚ್ 12ಕ್ಕೆ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯಿತು. ಬೈಪಾಸ್‌ನಲ್ಲಿ ಹೋಗುವವರಿಗೆ ಮದ್ದೂರು ಕಾಣುವುದೇ ಇಲ್ಲ. ಈಗ ಅವರ ಕಣ್ಣಿಗೆ ನಾವು ಬೀಳುವುದು ಫೋನಿನಲ್ಲಿ ಮಾತ್ರ. ಅಲ್ಲೂ ನೋಡಿ, ದಾರಿ ಹಾಕಿಕೊಂಡು ಹೋಗುವಾಗ ಹೋಟೆಲ್ ಅಂತ ಹುಡುಕಿದರೆ ಮ್ಯಾಪ್ ಪ್ರತಿಯೊಂದರ ಪಕ್ಕ ‘ಇಷ್ಟು ನಿಮಿಷ ಜಾಸ್ತಿ’ ಅಂತ ಬರೆದು ತೋರಿಸುತ್ತದೆ. ಹೈವೇ ಪಕ್ಕದಲ್ಲಿ ಹೊಸದಾಗಿ ಎದ್ದ ದೊಡ್ಡ ಹೋಟೆಲಿಗೆ ನಿಮಿಷ ಕಡಿಮೆ, ನಮಗೆ ಜಾಸ್ತಿ. ಮಕ್ಕಳು ಹಸಿದಿರುವಾಗ ಯಾರು ಇಳಿದು ಸರ್ವಿಸ್ ರೋಡ್ ಹಿಡಿದು ಬರುತ್ತಾರೆ ಹೇಳಿ?

ನೂರಡಿ_ರಸ್ತೆ_ಮಂಡ್ಯ
ಮಂಡ್ಯಕ್ಕೂ ಅದೇ ಆಗಿದೆ ಕಣಕ್ಕ. ಹಳೆ ರಸ್ತೆಯ ಅಂಗಡಿಗಳಿಗೆ ಸಂಜೆ ಹೊತ್ತಿನ ವ್ಯಾಪಾರ ಇಳಿದುಹೋಗಿದೆ. ಊರೊಳಗೆ ಲಾರಿ, ಬಸ್ಸು ಕಮ್ಮಿಯಾಗಿ ರಸ್ತೆ ದಾಟಲು ಧೈರ್ಯ ಬಂದಿದೆ, ಅದನ್ನೂ ಹೇಳಬೇಕು.

ರೈಲು_ಪ್ರಯಾಣಿಕ
ಮದ್ದೂರು ವಡೆ ಹೆಸರು ಮಾಡಿದ್ದು ರೈಲಿನವರಿಂದ, ರಸ್ತೆಯಿಂದ ಅಲ್ಲ. ರೈಲು ಇನ್ನೂ ನಿಲ್ಲುತ್ತದೆ.

ಮದ್ದೂರಿನವಳು
ರೈಲು ನಿಲ್ಲುತ್ತದೆ ಅಣ್ಣ, ಅದರಲ್ಲಿ ಕೂತವರು ನಮ್ಮ ಅಂಗಡಿಗೆ ಇಳಿದು ಬರುವಷ್ಟು ಹೊತ್ತು ನಿಲ್ಲುವುದಿಲ್ಲ. ಆದರೆ ಒಂದು ವಿಷಯ ನಿಜ. ಈಗ ಬರುವವರು ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ದಾರಿಯಲ್ಲಿ ಸಿಕ್ಕಿತು ಅಂತ ಅಲ್ಲ, ಯಾರೋ ಹೇಳಿದರು ಅಂತ, ರೀಲ್ಸ್‌ನಲ್ಲಿ ನೋಡಿದೆ ಅಂತ. ಬಂದವರು ಎರಡು ಡಬ್ಬ ಜಾಸ್ತಿಯೇ ಕಟ್ಟಿಸಿಕೊಂಡು ಹೋಗುತ್ತಾರೆ.

ಕುವೆಂಪುನಗರ_ಬೇಕರಿ
ಎಲ್ಲರೂ ಸುತ್ತಿ ಬಳಸಿ ಹೇಳುತ್ತಿದ್ದೀರಿ. ಸುಲಭದ ದಾರಿ ಹೇಳಲಾ? ಐದು ಸ್ಟಾರ್ ಕೊಟ್ಟವರಿಗೆ ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಬಿಡಿ. ಒಂದೇ ತಿಂಗಳಲ್ಲಿ ರಿವ್ಯೂ ತುಂಬುತ್ತವೆ. ನಮ್ಮ ರಸ್ತೆಯಲ್ಲಿ ಎಷ್ಟೋ ಜನ ಮಾಡುತ್ತಿದ್ದಾರೆ.

ಜಿಪಿಎಸ್_ಗುರು
ದಯವಿಟ್ಟು ಮಾಡಬೇಡಿ. ಹಣವೋ ರಿಯಾಯಿತಿಯೋ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ವಿರುದ್ಧ. ಸಿಕ್ಕಿಬಿದ್ದರೆ ರಿವ್ಯೂಗಳನ್ನೇ ಅಳಿಸುತ್ತಾರೆ, ಹೊಸ ರಿವ್ಯೂ ಬರದ ಹಾಗೆ ತಡೆಯುತ್ತಾರೆ. ನಮ್ಮ ದೇಶದಲ್ಲೂ ಮಾನದಂಡ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನವರು 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗಾಗಿಯೇ ಐಎಸ್ 19000 ಅಂತ ಒಂದು ಮಾನದಂಡ ತಂದಿದ್ದಾರೆ.

ಕುವೆಂಪುನಗರ_ಬೇಕರಿ
ನಿಯಮ ಇದೆ ಸರಿ, ಮಾಡುವವರು ಮೇಲೆ ಕೂತಿದ್ದಾರೆ, ಮಾಡದವರು ಕೆಳಗೆ. ಅದಕ್ಕೇನು ಹೇಳುತ್ತೀರಿ?

ಜಿಪಿಎಸ್_ಗುರು
ಅನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಅಂಥ ರಿವ್ಯೂ ಕಂಡರೆ ರಿಪೋರ್ಟ್ ಮಾಡಿ. ಆದರೆ ‘ಸೂಪರ್’, ‘ಗುಡ್’ ಅಂತ ಒಂದೇ ಪದ ಇರುವ ನೂರು ರಿವ್ಯೂಗಿಂತ ‘ಅಮ್ಮನ ಹಳೆ ರೇಷ್ಮೆ ಸೀರೆಗೆ ಮಣಿ ಕುಚ್ಚು ಹಾಕಿಸಿದೆ, ಹೇಳಿದ ದಿನಕ್ಕೇ ಕೊಟ್ಟರು’ ಅನ್ನುವ ಒಂದು ರಿವ್ಯೂ ಕೆಲಸಕ್ಕೆ ಬರುತ್ತದೆ. ಯಾರಾದರೂ ಮಣಿ ಕುಚ್ಚು ಅಂತ ಹುಡುಕಿದರೆ ಆ ಸಾಲನ್ನೇ ಎತ್ತಿ ಅಂಗಡಿಯ ಹೆಸರಿನ ಕೆಳಗೆ ತೋರಿಸುವುದೂ ಉಂಟು. ಸೀರೆ ಕೈಗೆ ಕೊಡುವಾಗ ‘ಏನು ಮಾಡಿಸಿದಿರಿ ಅಂತ ಎರಡು ಸಾಲು ಕನ್ನಡದಲ್ಲೇ ಬರೆಯಿರಿ’ ಅಂತ ಎಲ್ಲರಿಗೂ ಕೇಳಿ ಅಕ್ಕ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಪ್ರಿಂಟಿಂಗ್_ಪ್ರೆಸ್_ಮಂಡಿಮೊಹಲ್ಲಾ
ಏಜೆನ್ಸಿ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ನಮ್ಮ ಭಾವನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಅವರದು ನಂಜುಮಳಿಗೆ ಹತ್ತಿರ ಎಲೆಕ್ಟ್ರಿಕಲ್ ಅಂಗಡಿ. ಏಜೆನ್ಸಿಯವರು ಬಂದು, ಲಿಸ್ಟಿಂಗ್ (ಮ್ಯಾಪ್‌ನಲ್ಲಿ ಅಂಗಡಿಯ ವಿವರ ಇರುವ ಪುಟ) ತಮ್ಮ ಜಿಮೇಲ್‌ನಲ್ಲೇ ತೆರೆದರು. ಆಮೇಲೆ ಅಂಗಡಿಯ ಹೆಸರಿನ ಜೊತೆ ‘ಮೈಸೂರಿನ ಬೆಸ್ಟ್ ಎಲೆಕ್ಟ್ರಿಷಿಯನ್, ಫ್ಯಾನ್ ರಿಪೇರಿ, ಮೋಟರ್ ರಿಪೇರಿ’ ಅಂತೆಲ್ಲ ಸೇರಿಸಿದರು. ಬೋರ್ಡಿನ ಮೇಲೆ ಇಲ್ಲದ ಪದಗಳನ್ನು ಹೆಸರಿಗೆ ಸೇರಿಸಬಾರದು ಅಂತ ನಿಯಮ ಇದೆ. ಸ್ವಲ್ಪ ದಿನ ಮೇಲೆ ಬಂತು, ಆಮೇಲೆ ಒಂದು ದಿನ ಬೆಳಗ್ಗೆ ಇಡೀ ಲಿಸ್ಟಿಂಗೇ ಇಲ್ಲ. ಏಜೆನ್ಸಿಯವರು ಫೋನ್ ಎತ್ತಲಿಲ್ಲ. ಅಕೌಂಟ್ ಇವರ ಹೆಸರಲ್ಲಿ ಇಲ್ಲದ್ದರಿಂದ ಮನವಿ ಹಾಕುವುದಕ್ಕೂ ಪರದಾಡಬೇಕಾಯಿತು. ವರ್ಷಗಟ್ಟಲೆ ಗಿರಾಕಿಗಳು ಬರೆದ ರಿವ್ಯೂ ಅದರಲ್ಲಿದ್ದವು.

ಯಾರಿಗೆ ಬೇಕಾದರೂ ಕೆಲಸ ಕೊಡಿ, ಆದರೆ ಮಾಲೀಕರ ಜಾಗದಲ್ಲಿ ನಿಮ್ಮ ಜಿಮೇಲ್ ಇರಬೇಕು, ಅವರು ಬರೀ ಮ್ಯಾನೇಜರ್ ಆಗಿರಬೇಕು. ಇವತ್ತೇ ತೆರೆದು ನೋಡಿ.

ವೆಬ್_ಕೆಲಸದವ
ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಇನ್ನೊಂದು, ಮ್ಯಾಪ್‌ನ ಮಾಮೂಲಿ ಸ್ಥಾನವನ್ನು ದುಡ್ಡು ಕೊಟ್ಟು ಕೊಳ್ಳಲು ಆಗುವುದಿಲ್ಲ ಅಂತ ಗೂಗಲ್ ಸ್ಪಷ್ಟವಾಗಿ ಬರೆದಿದೆ. ದುಡ್ಡು ಕೊಟ್ಟು ಹಾಕುವುದು ಜಾಹೀರಾತು, ಅದರ ಮೇಲೆ ಪ್ರಾಯೋಜಿತ ಅಂತ ಇರುತ್ತದೆ. ನಾನೂ ಇದೇ ಕೆಲಸ ಮಾಡಿ ಬದುಕುವವನು. ಸ್ಥಾನಕ್ಕೆ ಗ್ಯಾರಂಟಿ ಕೊಡುವವರಿಂದ ನಮ್ಮೆಲ್ಲರ ಹೆಸರೂ ಕೆಡುತ್ತಿದೆ.

ಕುಚ್ಚು_ಸರಸ್ವತಿಪುರಂ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲಿಸ್ಟಿಂಗ್ ನನ್ನ ಜಿಮೇಲ್‌ನಲ್ಲೇ ಇದೆ, ನೋಡಿಕೊಂಡೆ. ಹಾಗಾದರೆ ವಿಜಯನಗರದವರಿಗೆ ನಾವು ಕಾಣುವುದೇ ಇಲ್ಲವಾ? ಸೀರೆ ಕುಚ್ಚಿಗೆ ಜನ ದೂರದಿಂದಲೂ ಬರುತ್ತಾರೆ, ಅದು ಪಿಕೋ ತರಹ ಪಕ್ಕದ ಬೀದಿ ಕೆಲಸ ಅಲ್ಲ.

ಜಿಪಿಎಸ್_ಗುರು
ನೀವೇ ಉತ್ತರ ಹೇಳಿಬಿಟ್ಟಿರಿ ಅಕ್ಕ. ‘ಟೈಲರ್’ ಅಂತ ಹುಡುಕಿದರೆ ವಿಜಯನಗರದಲ್ಲಿ ನೀವು ಬರುವುದು ಕಷ್ಟ. ಬ್ರೈಡಲ್ ಕುಚ್ಚು, ಕ್ರೋಶಾ ಕುಚ್ಚು ಅಂತ ಹುಡುಕಿದರೆ ಅಂಥ ಅಂಗಡಿಗಳೇ ಕಡಿಮೆ, ಆಗ ದೂರ ಇದ್ದರೂ ಬರುವ ಸಾಧ್ಯತೆ ಜಾಸ್ತಿ. ಸೇವೆಗಳ ಪಟ್ಟಿಯಲ್ಲಿ ಪ್ರತಿಯೊಂದು ಕುಚ್ಚಿನ ಹೆಸರನ್ನೂ ಬೇರೆ ಬೇರೆ ಬರೆಯಿರಿ. ಲಿಸ್ಟಿಂಗ್ ಒಳಗೆ ಪರ್ಫಾರ್ಮೆನ್ಸ್ ಅಂತ ಇದೆ, ಯಾವ ಪದ ಹುಡುಕಿ ನಿಮ್ಮನ್ನು ಕಂಡರು, ಎಷ್ಟು ಜನ ಫೋನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅಂತ ಅಲ್ಲಿ ಕಾಣುತ್ತದೆ. ನಿಮ್ಮ ಫೋನಿನಲ್ಲಿ ಹುಡುಕಿ ನೋಡುವುದಕ್ಕಿಂತ ಅದನ್ನು ನಂಬಿ.

ಅಂಗಡಿ ತೆರೆದಿರುವ ಸಮಯವನ್ನೂ ಸರಿಯಾಗಿ ಹಾಕಿ. ಮುಚ್ಚಿರುವ ಹೊತ್ತಿನಲ್ಲಿ ಹುಡುಕಿದವರಿಗೆ ಅಂಗಡಿ ಕೆಳಗೆ ಹೋಗಬಹುದು, ಇದನ್ನು 2023ರ ಕೊನೆಯಲ್ಲಿ ಗೂಗಲ್‌ನವರೇ ಒಪ್ಪಿಕೊಂಡಿದ್ದಾರೆ. ಹಬ್ಬದ ಮುಂಚೆ ರಾತ್ರಿ ಒಂಬತ್ತರವರೆಗೆ ತೆರೆಯುತ್ತೀರಿ ಅಂದರೆ ವಿಶೇಷ ಸಮಯ ಅಂತ ಅಲ್ಲೇ ಬದಲಿಸಿ.

ರೀಲ್ಸ್_ರಾಣಿ_ಜಯನಗರ
ನೀವೆಲ್ಲ ಗೂಗಲ್ ಗೂಗಲ್ ಅಂತಿದ್ದೀರಿ. ನಮ್ಮ ವಯಸ್ಸಿನವರು ಕುಚ್ಚಿನ ಡಿಸೈನ್ ಹುಡುಕುವುದು ಇನ್‌ಸ್ಟಾಗ್ರಾಂನಲ್ಲಿ. 2022ರಲ್ಲಿ ಗೂಗಲ್‌ನ ಪ್ರಭಾಕರ್ ರಾಘವನ್ ಅವರೇ ಹೇಳಿದ್ದರು, ಊಟಕ್ಕೆ ಜಾಗ ಹುಡುಕುವ ಯುವಜನರಲ್ಲಿ ಸುಮಾರು ಶೇ 40ರಷ್ಟು ಜನ ಗೂಗಲ್ ಬಿಟ್ಟು ಟಿಕ್‌ಟಾಕ್‌ಗೋ ಇನ್‌ಸ್ಟಾಗ್ರಾಂಗೋ ಹೋಗುತ್ತಾರೆ ಅಂತ.

ವೆಬ್_ಕೆಲಸದವ
ಅದು ಅಮೆರಿಕದ ಯುವಜನರ ಲೆಕ್ಕ. ನಮ್ಮಲ್ಲಿ 2020ರ ಜೂನ್‌ನಲ್ಲೇ ಟಿಕ್‌ಟಾಕ್ ನಿಷೇಧ ಆಗಿದೆ.

ರೀಲ್ಸ್_ರಾಣಿ_ಜಯನಗರ
ಆಗಲಿ, ಇನ್‌ಸ್ಟಾಗ್ರಾಂ ಇದೆಯಲ್ಲ! ಸೀರೆಯ ಸೆರಗಿನ ತುದಿಯಲ್ಲಿ ದಾರ ಸುತ್ತಿ, ಗಂಟು ಹಾಕಿ, ಮಣಿ ಪೋಣಿಸಿ, ಕೊನೆಗೆ ಕತ್ತರಿಯಿಂದ ತುದಿ ಸಮ ಮಾಡುವುದನ್ನು ಹತ್ತಿರದಿಂದ ತೆಗೆದು ಹಾಕಿ ಅಕ್ಕ. ಬರೀ ಕೈ ಮತ್ತು ದಾರ ಕಂಡರೆ ಸಾಕು, ಮುಖ ಬೇಡ. ಬರಹದಲ್ಲಿ ಮೈಸೂರು, ಸರಸ್ವತಿಪುರಂ ಅಂತ ತಪ್ಪದೆ ಹಾಕಿ. 2025ರ ಜುಲೈಯಿಂದ ಬಿಸಿನೆಸ್ ಅಕೌಂಟಿನ ಪಬ್ಲಿಕ್ ಪೋಸ್ಟುಗಳು ಗೂಗಲ್ ಹುಡುಕಾಟದಲ್ಲೂ ಬರುತ್ತಿವೆ. ಒಂದೇ ಕೆಲಸಕ್ಕೆ ಎರಡು ಲಾಭ.

ಪ್ರಿಂಟಿಂಗ್_ಪ್ರೆಸ್_ಮಂಡಿಮೊಹಲ್ಲಾ
ಇನ್‌ಸ್ಟಾಗ್ರಾಂ ಮೇಲೂ ಪೂರ್ತಿ ನಂಬಿಕೆ ಇಡಬೇಡಿ. ಅಲ್ಲಿಯೂ ಪ್ರತಿಯೊಬ್ಬರಿಗೂ ಬೇರೆ ಬೇರೆ ಬೋರ್ಡ್ ಬರೆದು ತೋರಿಸಿದ ಹಾಗೆಯೇ. ನಿಮ್ಮನ್ನು ಫಾಲೋ ಮಾಡುವವರಿಗೆಲ್ಲ ನಿಮ್ಮ ಪೋಸ್ಟ್ ತಲುಪುವುದಿಲ್ಲ. ಫೇಸ್‌ಬುಕ್‌ನಲ್ಲೂ 2018ರ ಜನವರಿಯಲ್ಲಿ ಮನೆಯವರ, ಗೆಳೆಯರ ಪೋಸ್ಟಿಗೆ ಆದ್ಯತೆ ಅಂತ ಬದಲಿಸಿದರು. ಆಮೇಲೆ ವ್ಯಾಪಾರದ ಪುಟ ಇಟ್ಟುಕೊಂಡವರ ಪಾಡು ಏನಾಯಿತು ಅಂತ ನೆನಪಿದೆಯಲ್ಲ? ಅವರ ಬಾಡಿಗೆ ಜಾಗ, ಯಾವಾಗ ಬೇಕಾದರೂ ನಿಯಮ ಬದಲಿಸುತ್ತಾರೆ. ಗಿರಾಕಿಯ ಫೋನ್ ನಂಬರು ನಿಮ್ಮ ಪುಸ್ತಕದಲ್ಲಿ ಇದ್ದರೆ ಅದನ್ನು ಯಾರೂ ಕಿತ್ತುಕೊಳ್ಳಲು ಆಗುವುದಿಲ್ಲ.

ಬೋಗಾದಿ_ಅಪಾರ್ಟ್‌ಮೆಂಟ್
ಅಂಗಡಿಯವಳಲ್ಲ, ಗಿರಾಕಿಯಾಗಿ ಹೇಳುತ್ತೇನೆ. ನಾನು ಟೈಲರ್, ಪ್ಲಂಬರ್, ಅಡುಗೆಯವರು ಯಾರನ್ನೂ ಗೂಗಲ್‌ನಲ್ಲಿ ಹುಡುಕುವುದಿಲ್ಲ. ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ‘ಯಾರಾದರೂ ಒಳ್ಳೆ ಬ್ಲೌಸ್ ಹೊಲಿಯುವವರು ಗೊತ್ತಾ’ ಅಂತ ಕೇಳುತ್ತೇನೆ. ಐದು ನಿಮಿಷದಲ್ಲಿ ನಾಲ್ಕು ನಂಬರು ಬರುತ್ತವೆ. ಆಮೇಲೆ ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿ ಫೋಟೋ, ರಿವ್ಯೂ, ಸಮಯ ನೋಡುತ್ತೇನೆ, ಅಷ್ಟೇ. ಗ್ರೂಪಿನಲ್ಲಿ ನಿಮ್ಮ ಕಾರ್ಡ್ ಹಂಚುವವರು ಒಬ್ಬರು ಇದ್ದರೆ ಸಾಕು.

ಜಿಪಿಎಸ್_ಗುರು
ಇದು ಮುಖ್ಯವಾದ ಮಾತು. ಗೂಗಲ್ ಕೂಡ ಇದನ್ನು ತನ್ನೊಳಗೆ ತರಲು ನೋಡಿತ್ತು. 2012ರ ಜನವರಿಯಲ್ಲಿ ಫೇಸ್‌ಬುಕ್ ತರಹದ ತನ್ನದೇ ಜಾಲ ಗೂಗಲ್ ಪ್ಲಸ್‌ನಲ್ಲಿ ಗೆಳೆಯರು ಹಂಚಿಕೊಂಡದ್ದನ್ನು ಹುಡುಕಾಟದ ಫಲಿತಾಂಶದಲ್ಲೇ ಬೆರೆಸಿ ತೋರಿಸಿದರು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಸಾಮಾನ್ಯ ಬಳಕೆದಾರರಿಗೆ ಮುಚ್ಚಿತು. ಜನ ಗೆಳೆಯರನ್ನು ಕೇಳುವುದು ಮಾತ್ರ ನಿಲ್ಲಲಿಲ್ಲ, ವಾಟ್ಸಾಪ್‌ಗೆ ಹೋಯಿತು. ಅಲ್ಲಿ ಯಾವ ಏಜೆನ್ಸಿಯ ಕೈಯೂ ಓಡುವುದಿಲ್ಲ, ಕೆಲಸ ಚೆನ್ನಾಗಿದ್ದರೆ ಹೆಸರು ಬರುತ್ತದೆ.

ಆಲೆಮನೆ_ಪಾಂಡವಪುರ
ನಮ್ಮಂಥವರ ಕಥೆ ಏನು ಸ್ವಾಮಿ? ನಮ್ಮ ಆಲೆಮನೆ ಇರುವುದು ಗದ್ದೆ ಬಯಲಿನಲ್ಲಿ. ಹತ್ತಿರದಲ್ಲಿ ಕೂತು ಬೆಲ್ಲ ಹುಡುಕುವವರು ಯಾರೂ ಇಲ್ಲ, ಇಲ್ಲಿ ಎಲ್ಲರ ಮನೆಯಲ್ಲೂ ಬೆಲ್ಲ ಇದೆ. ಬೆಂಗಳೂರಿನವರು ‘ಮಂಡ್ಯ ಬೆಲ್ಲ’ ಅಂತ ಹುಡುಕಿದರೆ ದೊಡ್ಡ ಆನ್‌ಲೈನ್ ಅಂಗಡಿಗಳ ಪ್ಯಾಕೆಟ್ ಬರುತ್ತವೆ. ಕೆಮಿಕಲ್ ಹಾಕದೆ, ಬಣ್ಣ ಕಪ್ಪಾದರೂ ಪರವಾಗಿಲ್ಲ ಅಂತ ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು ಅಚ್ಚು ಹೊಯ್ಯುವವರು ನಾವು, ನಮ್ಮ ಹೆಸರು ಎಲ್ಲೂ ಇಲ್ಲ.

ಗೋಕುಲಂ_ಹೋಂಸ್ಟೇ
ಅಣ್ಣ, ನಿಮ್ಮದು ನನ್ನ ತರಹದ ವ್ಯಾಪಾರ, ಗಿರಾಕಿ ದೂರದವರು. ಈಗ ನೀವು ಬರೆದ ಕೊನೆಯ ಸಾಲನ್ನೇ ಕೊಪ್ಪರಿಗೆಯ ಪಕ್ಕ ನಿಂತು ವಿಡಿಯೋದಲ್ಲಿ ಹೇಳಿ. ಬೆಂಡೆ ಗಿಡದ ಲೋಳೆ ಹಾಕುವುದನ್ನು ತೋರಿಸಿ. ಆ ಪ್ಯಾಕೆಟ್ ಕಂಪನಿಗಳ ಹತ್ತಿರ ಅದು ಇಲ್ಲ. ಆಲೆಮನೆ ನೋಡಲು ಬರಬಹುದು ಅಂತ ಮ್ಯಾಪ್‌ನಲ್ಲೂ ಹಾಕಿ, ನಮ್ಮ ಅತಿಥಿಗಳನ್ನು ನಾನೇ ಕಳುಹಿಸುತ್ತೇನೆ. ಖಾಸಗಿಯಾಗಿ ನಂಬರು ಕಳಿಸಿ.

ಆಲೆಮನೆ_ಪಾಂಡವಪುರ
ಕಳಿಸಿದ್ದೇನೆ ತಾಯಿ. ಬರುವವರು ಬೆಳಗ್ಗೆ ಬೇಗ ಬರಲಿ, ಬಿಸಿ ಬೆಲ್ಲ ಇಳಿಸುವ ಹೊತ್ತಿಗೆ.

ಉಪ್ಪಿನಕಾಯಿ_ಶ್ರೀರಂಗಪಟ್ಟಣ
ತಡವಾಗಿ ಬಂದೆ. ನನಗೆ ಅಂಗಡಿಯೇ ಇಲ್ಲ, ಮನೆಯಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮನೆ ಮನೆಗೆ ತಲುಪಿಸುತ್ತೇನೆ. ಮನೆ ವಿಳಾಸ ಊರಿಗೆಲ್ಲ ಕಾಣುವ ಹಾಗೆ ಹಾಕಲು ಮನೆಯವರು ಒಪ್ಪುತ್ತಿಲ್ಲ. ನಾನು ಮ್ಯಾಪ್‌ಗೆ ಸೇರಬಹುದಾ?

ಜಿಪಿಎಸ್_ಗುರು
ಸೇರಬಹುದು. ನೀವೇ ಹೋಗಿ ತಲುಪಿಸುವುದರಿಂದ ವಿಳಾಸವನ್ನು ಮರೆಮಾಡಿ, ಯಾವ ಯಾವ ಊರಿಗೆ ಕೊಡುತ್ತೀರಿ ಅಂತ ಮಾತ್ರ ಹಾಕುವ ವ್ಯವಸ್ಥೆ ಇದೆ. ಶ್ರೀರಂಗಪಟ್ಟಣ, ಮೈಸೂರು, ಪಾಂಡವಪುರ ಅಂತ ಸೇರಿಸಿ. ಪರಿಶೀಲನೆಗೆ ವಿಡಿಯೋ ಕೇಳಬಹುದು, ಆಗ ಜಾಡಿ, ಲೇಬಲ್, ಅಡುಗೆ ಮಾಡುವ ಜಾಗ ತೋರಿಸಿದರೆ ಆಯಿತು. ಆ ವಿಡಿಯೋ ಹೊರಗಿನವರಿಗೆ ಕಾಣುವುದಿಲ್ಲ ಅಂತ ಮನೆಯವರಿಗೆ ಹೇಳಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿಲ್ಲದಿದ್ದರೆ ಅದನ್ನು ಮೊದಲು ಮಾಡಿಸಿ.